ಮೀನುತೊಟ್ಟಿಯ ಪಂಪು ಗಣಕದೊಳಗೆ ಬಂದ ಕಥೆ

ರಾತ್ರಿ ಹನ್ನೊಂದು ಗಂಟೆ. ಬೀದಿಯಲ್ಲಿ ವಾಹನಗಳ ಓಡಾಟ ನಿಂತಿದೆ, ಟಿ.ವಿ. ಆರಿದೆ. ಹಗಲಿಡೀ ಕಿವಿಗೆ ಬೀಳದಿದ್ದ ಒಂದು ಸದ್ದು ಈಗ ಮೆಲ್ಲಗೆ ತಲೆಯೆತ್ತುತ್ತದೆ - ‘ಗುಂಯ್...’. ಅದು ಹಜಾರದ ಮೂಲೆಯಲ್ಲಿರುವ ಮೀನುತೊಟ್ಟಿಯ ಪಂಪಿನ ಸದ್ದು. ತೊಟ್ಟಿ ಇಟ್ಟಿರುವ ಮೇಜಿನ ಮೇಲೆ ಅಂಗೈ ಊರಿ ನೋಡಿ. ಕಿವಿಗೆ ಕೇಳಿದ್ದು ಕೈಗೂ ತಿಳಿಯುತ್ತದೆ! ಅಂಗೈಯಗಲದ ಒಂದು ಪಂಪು ಇಡೀ ಮೇಜನ್ನೇ ಹಾಡಿಸುತ್ತಿರುತ್ತದೆ.

ಮೀನುಗಳಿಗಾಗಿ ಹುಟ್ಟಿದ ಈ ಪಂಪು ಸುಮಾರು 25 ವರ್ಷಗಳ ಹಿಂದೆ ಒಂದು ವಿಚಿತ್ರ ಜಾಗಕ್ಕೆ ಹೋಗಿ ಕುಳಿತಿತು. ಅದು ಮನೆಯ ಗಣಕಯಂತ್ರದ ಪೆಟ್ಟಿಗೆ! ಬೀಸಣಿಗೆಗಳ ಗದ್ದಲದಿಂದ ಬೇಸತ್ತ ಹವ್ಯಾಸಿಗಳು ಗಣಕವನ್ನು ನೀರಿನಿಂದ ತಂಪಾಗಿಸಲು ಅದನ್ನು ತಂದರು. ಬೀಸಣಿಗೆಯ ಸದ್ದು ಅಡಗಿತು. ಪಂಪಿನ ಸದ್ದು ಕೇಳತೊಡಗಿತು. ಪಂಪಿಗೆ ಕಂಬಳಿ ಹೊದಿಸಿ ಸದ್ದಡಗಿಸಲು ಹೋದರೆ ಪಂಪೇ ಬಿಸಿಯಾಯಿತು. ಆ ಬಿಸಿಗೂ ಒಂದು ದಾರಿ ಹುಡುಕಬೇಕಾಯಿತು. ಬಿಸಿ ಮತ್ತು ಸದ್ದು - ಇವೆರಡರ ಈ ಕಣ್ಣಾಮುಚ್ಚಾಲೆಯ ಇತಿಹಾಸದಲ್ಲಿ ಭೌತವಿಜ್ಞಾನದ ಹಲವು ಪಾಠಗಳು ಅಡಗಿವೆ. ಅವನ್ನು ಒಂದೊಂದಾಗಿ ನೋಡೋಣ.

ಕಿಟಕಿಯ ಮುಂದೆ ನೀರು ಸುರಿಯುತ್ತಿದ್ದವರು

ಗಾಜಿನ ಪಾತ್ರೆಯಲ್ಲಿ ಜಲಚರಗಳನ್ನು ಸಾಕಿ ಅಧ್ಯಯನ ಮಾಡುವ ಪ್ರಯತ್ನ 19ನೆಯ ಶತಮಾನದ ಪೂರ್ವಾರ್ಧದ್ದು. ಸಿಸಿಲಿ ದ್ವೀಪದಲ್ಲಿದ್ದ ಜೀನ್ ವಿಲ್‌ಪ್ರೂ-ಪವರ್ ಎಂಬ ಮಹಿಳೆ 1832ರಲ್ಲಿ ಸಮುದ್ರಜೀವಿಗಳ ಅಧ್ಯಯನಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡಿದ್ದರು. 1846ರಲ್ಲಿ ಆ್ಯನಾ ಥಿನ್ ಎಂಬಾಕೆ ಹವಳದ ಜೀವಿಗಳನ್ನು ಕಡಲತೀರದಿಂದ ಲಂಡನ್ನಿಗೆ ತಂದು ಸಾಕಿದರು. ನಿಂತ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಅದಕ್ಕೆ ಆಕೆಯ ಉಪಾಯ ಬಲು ಸರಳ. ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯುವುದು! ಈ ಕೆಲಸ ಪ್ರತಿದಿನವೂ ನಡೆಯಬೇಕಿತ್ತು. ಅದು ಮನೆಗೆಲಸದಾಕೆಯ ಪಾಲಿಗೆ ಬಂದಿತ್ತು. ನಾವು ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯುತ್ತೇವಲ್ಲ, ಹಾಗೆ. ಕಾಫಿಯಲ್ಲಿ ಗಾಳಿ ಬಿಸಿಯನ್ನು ಒಯ್ಯುತ್ತದೆ. ಅಲ್ಲಿ ಗಾಳಿ ಆಮ್ಲಜನಕವನ್ನು ಕೊಡುತ್ತಿತ್ತು.

1850ರಲ್ಲಿ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಇನ್ನೊಂದು ದಾರಿ ತೋರಿಸಿದ. ಹೊನ್ನಮೀನು, ವ್ಯಾಲಿಸ್ನೇರಿಯ ಎಂಬ ಜಲಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟರೆ ಸಸ್ಯ ಆಮ್ಲಜನಕ ಕೊಡುತ್ತದೆ, ಹುಳು ಕೊಳೆತುದನ್ನು ತಿನ್ನುತ್ತದೆ, ಮೀನು ಬದುಕುತ್ತದೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ‘ಮತ್ಸ್ಯಗೃಹ’ ತೆರೆಯಿತು. ಮರುವರ್ಷ ಫಿಲಿಪ್ ಗಾಸ್‌ನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಜನಪ್ರಿಯವಾಯಿತು.

ಆದರೆ ಸಸ್ಯಗಳ ಸಮತೋಲನ ಪುಟ್ಟ ತೊಟ್ಟಿಗಷ್ಟೇ ಸಾಕು. ದೊಡ್ಡ ತೊಟ್ಟಿಗಳಲ್ಲಿ ನೀರು ಹರಿಯುತ್ತಲೇ ಇರಬೇಕು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ತೆರೆದ ಮತ್ಸ್ಯಾಲಯದಲ್ಲಿ ವಿಲಿಯಂ ಆಲ್‌ಫರ್ಡ್ ಲಾಯ್ಡ್ ಈ ತತ್ತ್ವವನ್ನು ಜಾರಿಗೆ ತಂದ. ಪ್ರದರ್ಶನದ ತೊಟ್ಟಿಗಳಿಗಿಂತ ಬಹಳ ದೊಡ್ಡದಾದ, ಬೆಳಕು ಬೀಳದ ಒಂದು ಸಂಗ್ರಹಾಗಾರ; ಅಲ್ಲಿಂದ ತೊಟ್ಟಿಗಳಿಗೆ, ತೊಟ್ಟಿಗಳಿಂದ ಮರಳಿ ಅಲ್ಲಿಗೆ, ಉಗಿಯಂತ್ರದ ಬಲದಿಂದ ಸಮುದ್ರದ ನೀರಿನ ನಿರಂತರ ಸುತ್ತು. ಒಂದು ಸಂಗ್ರಹ, ಒಂದು ಪಂಪು, ಒಂದು ಮುಚ್ಚಿದ ಸುತ್ತು - ಈ ಮೂರನ್ನು ನೆನಪಿನಲ್ಲಿಡಿ. ಗಣಕದ ಪೆಟ್ಟಿಗೆಯೊಳಗೆ ಇವೇ ಮತ್ತೆ ಬರಲಿವೆ.

ನೀರಿನಲ್ಲಿ ಮುಳುಗುವ ಕಾಂತ

ಮನೆಯ ತೊಟ್ಟಿಗೆ ಉಗಿಯಂತ್ರ ತರಲಾದೀತೇ? ವಿದ್ಯುತ್ ಮೋಟಾರು ಬಂದ ಮೇಲೂ ಒಂದು ತೊಡಕು ಉಳಿದಿತ್ತು. ಮೋಟಾರು ಒಣ ಜಾಗದಲ್ಲಿರಬೇಕು, ನೀರು ನೂಕುವ ಅಲಗುಚಕ್ರ ನೀರಿನಲ್ಲಿರಬೇಕು. ಇವೆರಡನ್ನು ಜೋಡಿಸುವ ದಂಡ ಹಾದುಹೋಗುವ ಕಡೆ ಎಷ್ಟೇ ಬಿಗಿಯಾದ ವಾಷರ್ ಹಾಕಿದರೂ ಅದು ಸವೆಯುತ್ತದೆ, ಒಂದು ದಿನ ನೀರು ಸೋರುತ್ತದೆ.

ಈ ದಂಡವನ್ನೇ ಕೈಬಿಟ್ಟರೆ? ಕಾಂತಕ್ಷೇತ್ರಕ್ಕೆ ಪ್ಲಾಸ್ಟಿಕ್ ಗೋಡೆ ಅಡ್ಡಿಯಲ್ಲ. ತಾಮ್ರದ ಸುರುಳಿಗಳನ್ನು ಎಪಾಕ್ಸಿ ಅಂಟಿನೊಳಗೆ ಎರಕ ಹೊಯ್ದು ಗೋಡೆಯ ಒಂದು ಬದಿಗೆ ಇಡಬಹುದು. ಇನ್ನೊಂದು ಬದಿಗೆ, ನೀರಿನಲ್ಲೇ, ಅಲಗುಚಕ್ರ ಹೊತ್ತ ಶಾಶ್ವತ ಕಾಂತ ತಿರುಗಬಹುದು. ನೀರು ದಾಟಬಹುದಾದ ರಂಧ್ರವೇ ಇಲ್ಲ. ಆದರೆ ನೀರಿನಲ್ಲಿ ತುಕ್ಕು ಹಿಡಿಯದ, ಅಗ್ಗದ ಕಾಂತ ಬೇಕಲ್ಲ! ಅದು ದೊರೆತದ್ದು 1952ರಲ್ಲಿ. ನೆದರ್ಲೆಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದವರು ಬೇರಿಯಂ ಮತ್ತು ಕಬ್ಬಿಣದ ಆಕ್ಸೈಡಿನಿಂದ ‘ಫೆರೈಟ್’ ಕಾಂತವನ್ನು ರೂಪಿಸಿದರು. ಇದು ಲೋಹವಲ್ಲ, ಒಂದು ಬಗೆಯ ಪಿಂಗಾಣಿ. ಕಬ್ಬಿಣ ಆಗಲೇ ಆಕ್ಸೈಡ್ ಆಗಿರುವುದರಿಂದ ಇನ್ನು ತುಕ್ಕು ಹಿಡಿಯುವ ಮಾತೇ ಇಲ್ಲ. ಇಂದು ಮೀನುತೊಟ್ಟಿಯ ಪಂಪನ್ನು ಬಿಚ್ಚಿದರೆ ಸಾಮಾನ್ಯವಾಗಿ ಒಳಗೆ ಕಾಣುವ ಕಪ್ಪು ಉರುಳೆ ಇದೇ.

ಜರ್ಮನಿಯಲ್ಲಿ ಗುಂಥರ್ ಐಹೈಮ್ 1949ರಲ್ಲಿ ಸ್ಥಾಪಿಸಿದ ಐಹೈಮ್ ಕಂಪೆನಿ ಇಂಥ ಪಂಪುಗಳಿಗೆ ಹೆಸರಾಯಿತು. ಅದರ 1046 ಎಂಬ ಮಾದರಿ 5 ವಾಟ್ ವಿದ್ಯುತ್ತಿನಲ್ಲಿ ಗಂಟೆಗೆ 300 ಲೀಟರ್, 1048 ಎಂಬುದು 10 ವಾಟ್‌ನಲ್ಲಿ 600 ಲೀಟರ್ ನೀರನ್ನು ನೂಕುತ್ತಿದ್ದವು. ನೀರಿನೊಳಗೂ ಹೊರಗೂ ಇವು ನಡೆಯುತ್ತಿದ್ದವು. ಈ ಗುಣವೇ ಮುಂದೆ ಹವ್ಯಾಸಿಗಳ ಕೈಹಿಡಿಯಿತು.

‘ಗುಂಯ್’ ಏಕೆ?

ನಮ್ಮ ಮನೆಗೆ ಬರುವ ಪರ್ಯಾಯ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್. ಎರಡು ಧ್ರುವಗಳ ಕಾಂತವಿರುವ ಪಂಪು ಈ ಆವೃತ್ತಿಗೆ ಹೆಜ್ಜೆ ಹೊಂದಿಸಿಕೊಂಡು ಸೆಕೆಂಡಿಗೆ 50, ಎಂದರೆ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಸುರುಳಿಯ ಕಾಂತಕ್ಷೇತ್ರ ಒಂದು ಆವರ್ತದಲ್ಲಿ ಎರಡು ಸಲ, ಒಮ್ಮೆ ಆ ದಿಕ್ಕಿಗೆ ಒಮ್ಮೆ ಈ ದಿಕ್ಕಿಗೆ, ಶಿಖರ ಮುಟ್ಟುತ್ತದೆ. ಕಬ್ಬಿಣದ ತಗಡುಗಳ ಮೇಲಿನ ಸೆಳೆತ ದಿಕ್ಕನ್ನು ನೋಡುವುದಿಲ್ಲ, ಕ್ಷೇತ್ರದ ವರ್ಗವನ್ನು ಅನುಸರಿಸುತ್ತದೆ. ಹೀಗಾಗಿ ಸೆಕೆಂಡಿಗೆ 100 ಸಲ ಎಳೆತ. ಪಂಪಿನ ‘ಗುಂಯ್’ ಈ 100 ಹರ್ಟ್ಸ್‌ನದು. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸ್ ಆದ್ದರಿಂದ ಅಲ್ಲಿನ ಪಂಪು 120 ಹರ್ಟ್ಸ್‌ನಲ್ಲಿ, ತುಸು ಏರಿದ ಶ್ರುತಿಯಲ್ಲಿ ಹಾಡುತ್ತದೆ!

ಇದರ ಜೊತೆಗೆ ‘ಕಟಕಟ’ ಎಂಬ ಇನ್ನೊಂದು ಸದ್ದೂ ಇದೆ. ಇಂಥ ಪಂಪು ಶುರುವಾಗುವಾಗ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದು ನಿಶ್ಚಿತವಲ್ಲ. ಕ್ಷಣಕಾಲ ಕಾಂತ ಅತ್ತಿತ್ತ ತೊಯ್ದಾಡಿ ಯಾವುದೋ ಒಂದು ದಿಕ್ಕನ್ನು ಹಿಡಿಯುತ್ತದೆ. ಆ ತೊಯ್ದಾಟಕ್ಕೆ ಅವಕಾಶವಿರಲೆಂದು ಹಲವು ಪಂಪುಗಳಲ್ಲಿ ಅಲಗುಚಕ್ರವನ್ನು ಕಾಂತಕ್ಕೆ ತುಸು ಸಡಿಲವಾಗಿ ಕೂಡಿಸಿರುತ್ತಾರೆ. ಜೋಡಣೆ ಸವೆದರೆ, ದಂಡದ ಮೇಲೆ ಸುಣ್ಣ ಕಟ್ಟಿದರೆ ಅಥವಾ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಕಟಕಟ ಶುರು. ಇದನ್ನು ಬಿಚ್ಚಿ, ತೊಳೆದು, ಗಾಳಿ ಹೊರಡಿಸಿ ಸರಿಪಡಿಸಬಹುದು. ಆದರೆ 100 ಹರ್ಟ್ಸ್‌ನ ಗುಂಯ್‌ಗುಡುವಿಕೆ ರೋಗವಲ್ಲ, ಪಂಪಿನ ಸ್ವಭಾವ. ಅದನ್ನು ಹುಟ್ಟುವ ಕಡೆ ತಡೆಯಲಾಗದು. ಹೋಗುವ ದಾರಿಯಲ್ಲಿ ತಡೆಯಬೇಕು.

ಗಣಕಗಳ ಬಿಸಿಯುಸಿರು

ಈಗ ಕಥೆಯ ಇನ್ನೊಂದು ಎಳೆಗೆ ಬರೋಣ. 1946ರಲ್ಲಿ ಅಮೆರಿಕದಲ್ಲಿ ಕೆಲಸ ಆರಂಭಿಸಿದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ಕವಾಟಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಅಷ್ಟೂ ಕೊನೆಗೆ ಬಿಸಿಯಾಗಿ ಹೊರಬರಲೇಬೇಕು. ಆ ಬಿಸಿಯನ್ನು ದೊಡ್ಡ ಬೀಸಣಿಗೆಗಳು ಹೊರನೂಕುತ್ತಿದ್ದವು.

ಟ್ರಾನ್ಸಿಸ್ಟರ್‌ಗಳು ಬಂದ ಮೇಲೆ ಬಿಸಿಯ ಸಮಸ್ಯೆ ಮುಗಿಯಲಿಲ್ಲ. ಇನ್ನೂ ಚಿಕ್ಕ ಜಾಗದಲ್ಲಿ ಕೇಂದ್ರೀಕೃತವಾಯಿತು. 1960ರ ದಶಕದಲ್ಲಿ ಐ.ಬಿ.ಎಂ. ತನ್ನ ಸಿಸ್ಟಂ/360ರ 91ನೆಯ ಮಾದರಿಯಲ್ಲಿ ಗಾಳಿಯ ಜೊತೆಗೆ ನೀರನ್ನೂ ಬಳಸಿತು. 1980ರಲ್ಲಿ ಪ್ರಕಟಿಸಿದ ಅದರ 3081 ಗಣಕದಲ್ಲಿ ನೂರಕ್ಕೂ ಹೆಚ್ಚು ಚಿಪ್‌ಗಳನ್ನು ಒಂದೇ ಫಲಕದ ಮೇಲೆ ಕೂರಿಸಿ, ಅವುಗಳ ಬಿಸಿಯನ್ನು ಲೋಹದ ಕೊರಡುಗಳ ಮೂಲಕ ನೀರಿಗೆ ದಾಟಿಸುವ ಏರ್ಪಾಡಿತ್ತು. ಸೀಮೋರ್ ಕ್ರೇ ರೂಪಿಸಿದ 1985ರ ಕ್ರೇ-2 ಮಹಾಗಣಕವಂತೂ ವಿದ್ಯುತ್ ಹರಿಯಗೊಡದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಪೂರ್ತಿ ಮುಳುಗಿತ್ತು. ನೋಡಿದವರು ಅದಕ್ಕೆ ‘ಗುಳ್ಳೆ’ ಎಂದು ಅಡ್ಡಹೆಸರಿಟ್ಟರು. ಮೀನಿಲ್ಲದ ಮೀನುತೊಟ್ಟಿ ಎನ್ನೋಣವೇ?

ದ್ರವಗಳ ಮೇಲೆ ಇಷ್ಟೊಂದು ಒಲವೇಕೆ? ಒಂದು ಲೆಕ್ಕ ನೋಡಿ. ಒಂದು ಕಿಲೋಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 4,180 ಜೂಲ್ ಬೇಕು. ಒಂದು ಘನಮೀಟರ್ ನೀರಿಗೆ ಇದು 41.8 ಲಕ್ಷ ಜೂಲ್. ಒಂದು ಘನಮೀಟರ್ ಗಾಳಿಗೆ ಬೇಕಾದದ್ದು ಸುಮಾರು 1,200 ಜೂಲ್ ಮಾತ್ರ. ಅಂದರೆ ಅಷ್ಟೇ ಗಾತ್ರದ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಬಿಸಿಯನ್ನು ಹೊರಬಲ್ಲದು. 100 ವಾಟ್ ಬಿಸಿಯನ್ನು 10 ಡಿಗ್ರಿ ಏರಿಕೆಯಲ್ಲಿ ಸಾಗಿಸಲು ನಿಮಿಷಕ್ಕೆ ಸುಮಾರು 500 ಲೀಟರ್ ಗಾಳಿ ಬೇಕು. ನೀರಾದರೆ ನಿಮಿಷಕ್ಕೆ ಒಂದು ಸಣ್ಣ ಲೋಟದಷ್ಟು ಸಾಕು!

1990ರ ದಶಕದಲ್ಲಿ ಕಡಮೆ ವಿದ್ಯುತ್ ಬೇಡುವ ‘ಸಿಮಾಸ್’ ಚಿಪ್‌ಗಳು ದೊಡ್ಡ ಗಣಕಗಳಿಗೂ ಬಂದವು. ಅವುಗಳಲ್ಲಿ ನೀರಿನ ಕೊಳವೆಗಳು ಕೆಲಕಾಲ ಮರೆಗೆ ಸರಿದವು. ಅದೇ ಹೊತ್ತಿಗೆ ಮನೆಯ ಪುಟ್ಟ ಗಣಕ ಬಿಸಿಯಾಗತೊಡಗಿತ್ತು.

ಬೀಸಣಿಗೆಯ ಗದ್ದಲ

1981ರ ಮೊದಲ ಐ.ಬಿ.ಎಂ. ಪಿ.ಸಿ.ಯ ಸಂಸ್ಕಾರಕಕ್ಕೆ, ಎಂದರೆ ಪ್ರೊಸೆಸರ್‌ಗೆ, ಬೀಸಣಿಗೆ ಇರಲಿಲ್ಲ, ಉಷ್ಣಶೋಷಕವೂ ಇರಲಿಲ್ಲ. 1993ರ ಮೊದಲ ಪೆಂಟಿಯಂ ಸುಮಾರು 15 ವಾಟ್ ಬಿಸಿ ಹೊಮ್ಮಿಸಿತು. 2004ರ ಹೊತ್ತಿಗೆ ಪೆಂಟಿಯಂ-4ರ ಕೆಲವು ಮಾದರಿಗಳಲ್ಲಿ ಅದು ನೂರು ವಾಟ್ ಮುಟ್ಟಿತು. ನೂರು ವಾಟ್‌ನ ಹಳೆಯ ತಂತಿ ಬಲ್ಬನ್ನು ಬರಿಗೈಯಲ್ಲಿ ಮುಟ್ಟಲಾಗುತ್ತಿರಲಿಲ್ಲ. ಇಲ್ಲಿ ಅಷ್ಟೇ ಬಿಸಿ ಬೆರಳುಗುರಿನಷ್ಟು ಜಾಗದಿಂದ ಹೊರಡಬೇಕು.

ಚಿಪ್ ಬಳಸುವ ವಿದ್ಯುತ್ತು ಅದರ ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಹವ್ಯಾಸಿಗಳಿಗೆ ಇದೇ ಸವಾಲಾಯಿತು. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಸಂಸ್ಕಾರಕವನ್ನು ಹಲವರು 300ರ ಬದಲು 450 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರು. ವೇಗ ಹೆಚ್ಚಿದಂತೆ ಬಿಸಿ ಹೆಚ್ಚಿತು, ಬಿಸಿ ಹೆಚ್ಚಿದಂತೆ ಬೀಸಣಿಗೆಯ ವೇಗ ಹೆಚ್ಚಿತು. ಬೀಸಣಿಗೆಯ ಸದ್ದಿನ ನಿಯಮವೋ ಬಲು ಕಠಿಣ. ವೇಗವನ್ನು ಇಮ್ಮಡಿಸಿದರೆ ಗಾಳಿ ಇಮ್ಮಡಿಯಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟಾದಂತೆ ಕೇಳುತ್ತದೆ. ಮೇಜಿನ ಮೇಲಿನ ಗಣಕ ಕೇಶ ಒಣಗಿಸುವ ಯಂತ್ರದಂತೆ ಅರಚತೊಡಗಿತು.

ಆಗ ಕೆಲವರ ಕಣ್ಣು ಮೀನುತೊಟ್ಟಿಯತ್ತ ಹೊರಳಿತು. ಗಣಕಕ್ಕಾಗಿಯೇ ಮಾಡಿದ ನೀರಿನ ಪಂಪು ಅಂದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಯೂರೋಪ್, ಅಮೆರಿಕಗಳ ಹವ್ಯಾಸಿಗಳು ತಾಮ್ರದ ಗಟ್ಟಿಯನ್ನು ಕೊರೆದು ನೀರು ಹರಿಯುವ ಕಾಲುವೆ ಮಾಡಿದರು, ಅದನ್ನು ಸಂಸ್ಕಾರಕದ ಮೇಲೆ ಕೂರಿಸಿದರು. ಕಾರಿನ ಒಳಭಾಗವನ್ನು ಬೆಚ್ಚಗಿಡುವ ಹೀಟರಿನ ಪುಟ್ಟ ರೇಡಿಯೇಟರನ್ನು ಹಳೆಯ ಕಾರುಗಳಿಂದ ಬಿಚ್ಚಿ ತಂದರು. ನಡುವೆ ಕೊಳವೆ, ಒಂದು ನೀರಿನ ಡಬ್ಬಿ ಮತ್ತು ಮೀನುತೊಟ್ಟಿಯ ಪಂಪು! ಲಾಯ್ಡ್‌ನ ಸಂಗ್ರಹ, ಪಂಪು, ಮುಚ್ಚಿದ ಸುತ್ತು ಹೀಗೆ ಮೇಜಿನಡಿಗೆ ಬಂದವು. ಅಗಲವಾದ ರೇಡಿಯೇಟರಿಗೆ ನಿಧಾನವಾಗಿ ತಿರುಗುವ ಒಂದು ದೊಡ್ಡ ಬೀಸಣಿಗೆ ಸಾಕು. ನಿಮಿಷಕ್ಕೆ 2 ಲೀಟರ್ ನೀರು ಹರಿದರೆ 100 ವಾಟ್ ಬಿಸಿ ಆ ನೀರನ್ನು ಏರಿಸುವುದು ಮುಕ್ಕಾಲು ಡಿಗ್ರಿಯಷ್ಟು ಮಾತ್ರ.

ಅಪಾಯಗಳೂ ಇದ್ದವು. ಪಂಪು ಓಡುವುದು ಮನೆಯ ವಿದ್ಯುತ್ತಿನಿಂದ, ಗಣಕ ಓಡುವುದು ತನ್ನದೇ ಗುಂಡಿಯಿಂದ. ಪಂಪಿನ ಗುಂಡಿ ಒತ್ತಲು ಮರೆತರೆ ನೀರು ನಿಂತಲ್ಲೇ ಕಾಯುತ್ತಿತ್ತು. ಗಣಕದೊಂದಿಗೆ ಪಂಪೂ ತಾನಾಗಿ ಶುರುವಾಗಲೆಂದು ರಿಲೇ ಜೋಡಿಸಬೇಕಾಯಿತು. ತಾಮ್ರದ ಗಟ್ಟಿ ಮತ್ತು ಅಲ್ಯುಮಿನಿಯಂ ರೇಡಿಯೇಟರ್ ಒಂದೇ ನೀರಿನಲ್ಲಿದ್ದರೆ ಅದೊಂದು ವಿದ್ಯುತ್ಕೋಶವಾಗಿ ಅಲ್ಯುಮಿನಿಯಂ ಕರಗತೊಡಗುತ್ತಿತ್ತು. ಒಂದು ಕೀಲು ಸಡಿಲವಾದರೂ ಸಾಕು, ದುಬಾರಿ ಗಣಕ ನೀರುಪಾಲು.

ಸದ್ದು ಮನೆ ಬದಲಿಸಿತು

ಬೀಸಣಿಗೆಗಳು ತಣ್ಣಗಾದ ಮೇಲೆ ಕೇಳಿಬಂದದ್ದೇ ಪಂಪಿನ ಗುಂಯ್. ಹಿಂದೆಯೂ ಅದು ಇತ್ತು. ದೊಡ್ಡ ಗದ್ದಲದಡಿ ಮುಚ್ಚಿಹೋಗಿತ್ತು, ಅಷ್ಟೆ. ಪಂಪನ್ನು ಗಣಕದ ತಗಡಿನ ಪೆಟ್ಟಿಗೆಗೆ ಸ್ಕ್ರೂ ಹಾಕಿ ಬಿಗಿದಿದ್ದರಂತೂ ಪೆಟ್ಟಿಗೆಯೇ ತಮಟೆ.

ಇದನ್ನು ತಿಳಿಯಲು ವೀಣೆಯನ್ನು ನೆನೆದರೆ ಸಾಕು. ಬರಿಯ ತಂತಿ ಬಹಳ ತೆಳು, ಅದು ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದರ ಕಂಪನ ಕುದುರೆಯ ಮೂಲಕ ಅಗಲವಾದ ಮರದ ಕೊಡಕ್ಕೆ ಇಳಿದಾಗ ನಾದ ತುಂಬಿ ಬರುತ್ತದೆ. ಪುಟ್ಟ ಪಂಪು ತಂತಿಯಿದ್ದಂತೆ, ಪೆಟ್ಟಿಗೆ ಕೊಡವಿದ್ದಂತೆ. ವೈಣಿಕರು ಬಯಸುವ ಸಂಬಂಧವನ್ನೇ ನಾವಿಲ್ಲಿ ಕಡಿದುಹಾಕಬೇಕು.

ಕಡಿಯುವುದು ಹೇಗೆ? ಮೆತ್ತನೆಯ ಆಸರೆಯಿಂದ. ಯಾವುದೇ ಮೆತ್ತೆಯ ಮೇಲೆ ಪಂಪನ್ನಿಟ್ಟಾಗ ಅದಕ್ಕೊಂದು ಸಹಜ ಆವೃತ್ತಿ ಬರುತ್ತದೆ. ಪಂಪಿನ ಭಾರಕ್ಕೆ ಮೆತ್ತೆ ಎಷ್ಟು ಮಿಲಿಮೀಟರ್ ಕುಗ್ಗಿತೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಆ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತದೆ. ಗಟ್ಟಿ ರಬ್ಬರ್ 0.02 ಮಿ.ಮೀ. ಕುಗ್ಗಿದರೆ ಅದು ಸುಮಾರು 112 ಹರ್ಟ್ಸ್. ಪಂಪಿನ 100 ಹರ್ಟ್ಸ್‌ಗೆ ಇದು ಬಹಳ ಹತ್ತಿರ. ಅನುರಣನೆಯಿಂದ ಸದ್ದು ಕಡಮೆಯಾಗುವ ಬದಲು ಹೆಚ್ಚುತ್ತದೆ! ಕುಗ್ಗುವಿಕೆ 0.1 ಮಿ.ಮೀ. ಆದರೆ ಸಹಜ ಆವೃತ್ತಿ 50 ಹರ್ಟ್ಸ್, ಕೆಳಕ್ಕೆ ದಾಟುವ ಬಲ ಮೂರರಲ್ಲೊಂದು ಪಾಲು. 1 ಮಿ.ಮೀ. ಕುಗ್ಗುವ ಸ್ಪಂಜಾದರೆ ಸುಮಾರು 16 ಹರ್ಟ್ಸ್, ದಾಟುವ ಬಲ ಸುಮಾರು 40ರಲ್ಲೊಂದು ಪಾಲು. ಸಹಜ ಆವೃತ್ತಿಯ 1.4 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ಮೆತ್ತೆ ತಡೆಯಬಲ್ಲದು. ‘ರಬ್ಬರ್ ಹಾಕಿದೆ, ಆದರೂ ಸದ್ದು ಹೋಗಲಿಲ್ಲ’ ಎನ್ನುವವರ ತೊಂದರೆಯ ಮೂಲ ಹಲವು ವೇಳೆ ಇಲ್ಲಿರುತ್ತದೆ.

ಅಡಿಯಲ್ಲಿ ಸ್ಪಂಜಿಟ್ಟವರು ಮುಂದಿನ ಹೆಜ್ಜೆಯಾಗಿ ಪಂಪನ್ನು ಸುತ್ತಲೂ ಸ್ಪಂಜಿನಿಂದಲೇ ಮುಚ್ಚಿದರು. ಗಾಳಿಯ ಮೂಲಕ ಬರುವ ಸದ್ದೂ ತಗ್ಗಿತು. ಆದರೆ ಸದ್ದಿಗೆ ಹೊದಿಸಿದ ಕಂಬಳಿ ಬಿಸಿಗೂ ಕಂಬಳಿಯೇ! 2 ಸೆಂ.ಮೀ. ದಪ್ಪದ ಸ್ಪಂಜು, ಪಂಪಿನ ಮೇಲ್ಮೈ 200 ಚದರ ಸೆಂ.ಮೀ. ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಸ್ಪಂಜಿನ ಮೂಲಕ ಒಂದೊಂದು ವಾಟ್ ಹೊರಬರಲೂ ಸುಮಾರು 25 ಡಿಗ್ರಿ ಅಂತರ ಬೇಕು. 5 ವಾಟ್ ಹೊರಬರಬೇಕಾದರೆ 125 ಡಿಗ್ರಿ! ನಿಜದಲ್ಲಿ ಅಷ್ಟಕ್ಕೇರುವುದಿಲ್ಲ, ಏಕೆಂದರೆ ಪಂಪಿನೊಳಗೆ ಹರಿಯುವ ನೀರು ಬಿಸಿಯ ಒಂದಷ್ಟು ಪಾಲನ್ನು ಒಯ್ಯುತ್ತದೆ. ಆದರೂ ಸುರುಳಿಗಳ ಉಷ್ಣತೆ ಏರುತ್ತದೆ, ಅವುಗಳ ಆಯುಸ್ಸು ತಗ್ಗುತ್ತದೆ. ಪಂಪು ನಿಂತರೆ ಗಣಕವೂ ನಿಂತಂತೆ. ಮೌನಕ್ಕಾಗಿ ಯಂತ್ರದ ಜೀವವನ್ನೇ ಪಣಕ್ಕಿಟ್ಟಂತಾಯಿತು.

ಗಂಟು ಬಿಡಿಸಿದ ನೀರು

ಈ ಗಂಟನ್ನು ಬಿಡಿಸಿದ್ದು ಪಂಪಿನ ಹುಟ್ಟುಗುಣವೇ. ಅದನ್ನು ಹೊರಗಿಟ್ಟು ಕಂಬಳಿ ಹೊದಿಸುವ ಬದಲು ತವರಿಗೇ, ಎಂದರೆ ನೀರಿಗೇ, ಕಳುಹಿಸಿದರೆ? ನೀರಿನ ಡಬ್ಬಿಯನ್ನು ತುಸು ದೊಡ್ಡದು ಮಾಡಿ, ಮುಳುಗಲು ತಕ್ಕ ಪಂಪನ್ನು ಅದರೊಳಗೆ ಇಳಿಸಿದರು. ಈಗ ಪಂಪಿನ ಮೈತುಂಬ ನೀರು. ಅದರ 10 ವಾಟ್ ಬಿಸಿ ನೇರವಾಗಿ ನೀರಿಗೆ ಇಳಿಯುತ್ತದೆ, ಸುತ್ತುತ್ತಿರುವ ನೀರನ್ನು ಕೇವಲ 0.07 ಡಿಗ್ರಿ ಏರಿಸುತ್ತದೆ. ನೂರು ವಾಟ್ ಹೊರಚೆಲ್ಲುತ್ತಿದ್ದ ರೇಡಿಯೇಟರ್ ಈಗ 110 ವಾಟ್ ಚೆಲ್ಲಬೇಕು, ಅಷ್ಟೆ.

ಸದ್ದಿನ ಗತಿ? ನೀರು ಸದ್ದನ್ನು ಚೆನ್ನಾಗಿಯೇ ಸಾಗಿಸುತ್ತದೆ. ಪಂಪು ಡಬ್ಬಿಯ ಗೋಡೆಗೆ ತಗುಲಿದರೆ ಡಬ್ಬಿಯೂ ಹಾಡುತ್ತದೆ. ಆದ್ದರಿಂದ ಪಂಪನ್ನು ಡಬ್ಬಿಯೊಳಗೆ ಮೆತ್ತನೆಯ ಆಸರೆಯ ಮೇಲೆ ಕೂರಿಸಿದರು. ಇಡೀ ಡಬ್ಬಿಯನ್ನು ಸ್ಪಂಜಿನ ಮೇಲಿಟ್ಟರು. ಡಬ್ಬಿ ನೀರಿನಿಂದ ತುಂಬಿ ಭಾರವಾಗಿರುವುದರಿಂದ ಸ್ಪಂಜು ಹೆಚ್ಚು ಕುಗ್ಗುತ್ತದೆ, ಸಹಜ ಆವೃತ್ತಿ ಇನ್ನೂ ಕೆಳಗಿಳಿಯುತ್ತದೆ. ಗಡಸು ಕೊಳವೆಗಳ ಮೂಲಕ ಕಂಪನ ನುಸುಳದಂತೆ ಮೃದುವಾದ ಸಿಲಿಕೋನ್ ಕೊಳವೆ ಹಾಕಿದರು. ಈಗ ಡಬ್ಬಿಯನ್ನು ಸ್ಪಂಜಿನಿಂದ ಮುಚ್ಚಿದರೂ ಅಂಜಿಕೆಯಿಲ್ಲ, ಬಿಸಿ ಹೊರಹೋಗುವ ದಾರಿ ಬೇರೆಯೇ ಇದೆಯಲ್ಲ! ಹೀಗೆ ಬಿಸಿಯ ದಾರಿಯನ್ನೂ ಸದ್ದಿನ ದಾರಿಯನ್ನೂ ಬೇರ್ಪಡಿಸಿದ ಮೇಲೆ ಪಂಪು ತಣ್ಣಗೂ ಆಯಿತು, ಸುಮ್ಮನೂ ಆಯಿತು. ಈ ಇಡೀ ಇತಿಹಾಸದ ಸಾರ ಇಷ್ಟೇ: ಸದ್ದನ್ನು ಬಾಯಿ ಮುಚ್ಚಿಸಿ ಅಡಗಿಸಲಾಗದು, ಅದು ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಬರುತ್ತದೆ ಎಂದು ಕಂಡುಕೊಂಡು, ಆ ದಾರಿಯೊಂದನ್ನೇ ಕಡಿಯಬೇಕು.

ಕಾರ್ಖಾನೆಗಳು ಕೈಗೆತ್ತಿಕೊಂಡವು

ಹವ್ಯಾಸಿಗಳ ಈ ದಾರಿಯನ್ನು ಕಂಪೆನಿಗಳೂ ಹಿಡಿದವು. 2002ರಲ್ಲಿ ಜಪಾನಿನ ಹಿಟಾಚಿ ನೀರಿನಿಂದ ತಂಪಾಗುವ ಮಡಿಲಗಣಕವನ್ನು ತಂದಿತು. ಅದಕ್ಕೆ ‘ನಿಶ್ಶಬ್ದ ಮಾದರಿ’ ಎಂದೇ ಹೆಸರು. 2004ರಲ್ಲಿ ಆ್ಯಪಲ್‌ನ ಪವರ್ ಮ್ಯಾಕ್ ಜಿ-5ರ ಅತಿ ವೇಗದ ಮಾದರಿ ದ್ರವದ ತಂಪಿನೊಂದಿಗೆ ಬಂದಿತು. ಮುಂದೆ ಅವುಗಳಲ್ಲಿ ಕೆಲವು ಸೋರಿದ್ದೂ ಉಂಟು. ಮನೆಯ ವಿದ್ಯುತ್ತಿನ ಪಂಪಿನ ಜಾಗಕ್ಕೆ ಗಣಕದ 12 ವೋಲ್ಟ್‌ನಲ್ಲೇ ಓಡುವ, ವೇಗವನ್ನು ಬೇಕಾದಂತೆ ತಗ್ಗಿಸಬಹುದಾದ ಪಂಪುಗಳು ಬಂದವು. ಇವು 50 ಹರ್ಟ್ಸ್‌ಗೆ ಕಟ್ಟುಬಿದ್ದವಲ್ಲ. ಪಂಪು, ಕೊಳವೆ, ರೇಡಿಯೇಟರ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಸೇರಿಸಿ ಮುಚ್ಚಿದ ಜೋಡಣೆಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ.

ದೊಡ್ಡ ಗಣಕಗಳೂ ನೀರಿಗೆ ಮರಳಿದವು. 2015ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ ‘ಸಹಸ್ರ-ಟಿ’ ಕ್ರೇ ಎಕ್ಸ್‌ಸಿ-40 ಮಾದರಿಯದು. ಇಂಥ ಗಣಕಗಳಲ್ಲಿ ಕಪಾಟುಗಳ ನಡುವೆ ನೀರಿನ ಸುರುಳಿಗಳಿದ್ದು, ಹಾಯುವ ಗಾಳಿ ಅಲ್ಲಲ್ಲೇ ತಣಿಯುತ್ತದೆ. 2022ರಲ್ಲಿ ಆರಂಭವಾದ ಅಮೆರಿಕದ ‘ಫ್ರಾಂಟಿಯರ್’ ಮಹಾಗಣಕಕ್ಕೆ 350 ಅಶ್ವಶಕ್ತಿಯ ನಾಲ್ಕು ಪಂಪುಗಳು ನಿಮಿಷಕ್ಕೆ 22,000 ಲೀಟರಿಗೂ ಹೆಚ್ಚು ನೀರನ್ನು ನೂಕುತ್ತವೆ. ಗಾತ್ರ ಬೇರೆ, ತತ್ತ್ವ ಒಂದೇ.

ನೀವೂ ಮಾಡಿ ನೋಡಿ

ಈ ಪಾಠವನ್ನು ತರಗತಿಯಲ್ಲಿ ಕೇಳಿಸುವುದು ಸುಲಭ. ಶ್ರುತಿಕವೆಯನ್ನು ತಟ್ಟಿ ಗಾಳಿಯಲ್ಲಿ ಹಿಡಿಯಿರಿ. ಅದರ ಬುಡವನ್ನು ಮೇಜಿಗೆ ಒತ್ತಿ. ಮೇಜಿನ ಮೇಲೆ ಸ್ಪಂಜಿಟ್ಟು ಅದರ ಮೇಲೆ ಒತ್ತಿ. ಮೂರರ ವ್ಯತ್ಯಾಸವನ್ನು ಮಕ್ಕಳೇ ಹೇಳುತ್ತಾರೆ. ಮೊಬೈಲ್ ಫೋನನ್ನು ಕಂಪಿಸುವ ಸ್ಥಿತಿಯಲ್ಲಿಟ್ಟು ಸ್ಟೀಲ್ ತಟ್ಟೆಯ ಮೇಲೆ, ಮಡಿಸಿದ ಕಾಗದದ ಮೇಲೆ, ಸ್ಪಂಜಿನ ಮೇಲೆ ಇರಿಸಿಯೂ ನೋಡಬಹುದು. ಸ್ಪಂಜು ಎಷ್ಟು ಕುಗ್ಗಿತೆಂದು ಅಳೆದು ಸಹಜ ಆವೃತ್ತಿಯನ್ನು ಲೆಕ್ಕ ಹಾಕಿಸಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಮರದ ಅಳತೆಪಟ್ಟಿಯ ಒಂದು ತುದಿಯನ್ನು ಮೇಜಿಗೆ ತಾಗಿಸಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ಒತ್ತಿಕೊಳ್ಳಿ.

ಒಂದು ಎಚ್ಚರಿಕೆ. ಮೀನುತೊಟ್ಟಿಯ ಪಂಪು ಸಾಮಾನ್ಯವಾಗಿ 230 ವೋಲ್ಟ್‌ನದು. ನೀರಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತಿಡಬೇಕು. ಮುಳುಗಿಸಲು ತಕ್ಕುದೆಂದು ತಯಾರಕರು ಹೇಳದ ಪಂಪನ್ನು ಎಂದೂ ಮುಳುಗಿಸಬಾರದು. ವಯರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಆ ಪಂಪು ಬೇಡವೇ ಬೇಡ. ವಿದ್ಯಾರ್ಥಿಗಳು ಪಂಪಿನ ಪ್ರಯೋಗ ಮಾಡಲೇಬೇಕೆಂದರೆ 12 ವೋಲ್ಟ್‌ನ ಪಂಪು ಮತ್ತು ಬ್ಯಾಟರಿ ಸಾಕು.

ಇಂದು ರಾತ್ರಿ ಮನೆ ನಿಶ್ಶಬ್ದವಾದಾಗ ಒಂದು ಕ್ಷಣ ಕಿವಿಗೊಡಿ. ಫ್ರಿಜ್, ಸೀಲಿಂಗ್ ಫ್ಯಾನು, ಮೀನುತೊಟ್ಟಿ - ಯಾವುದೋ ಒಂದು ಹಾಡುತ್ತಿರುತ್ತದೆ. ಅದನ್ನು ಶಪಿಸುವ ಮೊದಲು ಎದ್ದು ಹೋಗಿ, ಅದು ನಿಂತಿರುವ ನೆಲದ ಮೇಲೋ ಒರಗಿರುವ ಗೋಡೆಯ ಮೇಲೋ ಅಂಗೈ ಊರಿ ನೋಡಿ. ಸದ್ದು ಬರುವ ದಾರಿ ನಿಮ್ಮ ಕೈಗೆ ಸಿಗಬಹುದು.